ಒರತೆಯ ಬಾಯಲ್ಲಿ ಸಿಕ್ಕ ಗಂಟು

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮ. ಅಲ್ಲಿಂದ ಕೆಳಗೆ, ಹೊಳೆ ಹೊರಳುವ ಕಡೆ, ಒಂದು ಬಡ ಕೇರಿ. ಕೇರಿಯವರಿಗೆ ನಲ್ಲಿಯಿಲ್ಲ, ಬಾವಿಯಿಲ್ಲ. ಹೊಳೆಯ ಮರಳಿನಲ್ಲಿ ತೋಡಿಕೊಂಡ ಒರತೆಯೇ ಅವರ ಕುಡಿಯುವ ನೀರು.

ಆ ಬೇಸಿಗೆಯಲ್ಲಿ ಒರತೆ ನಾರತೊಡಗಿತು.

ಶಿಷ್ಯ ಗವಿಸಿದ್ದ ಗುರುಗಳ ಮುಂದೆ ಬಂದು ನಿಂತ. ಒಳ್ಳೆಯವನು, ಕೊಂಚ ಆತುರಗಾರ.

“ಅಜ್ಜಾರ, ಹೊಳಿ ಕಸ ತೆಗಿಯಾಕ ಹೊಕ್ಕೀನ್ರಿ. ಅಪ್ಪಣಿ ಕೊಡ್ರಿ.”

“ಹೋಗು. ಸಂಜಿಗೆ ಬಂದು ಏನೇನು ಸಿಕ್ತು, ನನಗೂ ಹೇಳು.”

ಮರುದಿನ ಗವಿಸಿದ್ದ ಎಂದಿನಂತೆ ಆಶ್ರಮದ ಪೂಜೆ ಮುಗಿಸಿದ. ಹಿಂದಿನ ದಿನದ ಹೂವನ್ನು ಹೊಳೆಗೆ ಬಿಟ್ಟ. ಸನಿಕೆ, ಬುಟ್ಟಿ ಹಿಡಿದು ಕೇರಿಗೆ ಇಳಿದ. ಪ್ಲಾಸ್ಟಿಕ್ ಚೀಲ, ಸೀಸೆ, ಹರಿದ ಚಪ್ಪಲಿ ಎಲ್ಲ ಬಳಿದು ಹಾಕಿದ.

ಸಂಜೆ ಗುರುಗಳು ಕೇಳಿದರು, “ಏನು ಸಿಕ್ತು?”

“ಕಸ ರೀ.”

“ಯಾರದು?”

“ಕೇರಿಯವರದ ಇರಬೇಕ್ರಿ. ಇನ್ಯಾರದು?”

“ಹೌದೇನು? ಅವರನ್ನ ಕೇಳಿದೇನು?”

ಗವಿಸಿದ್ದ ಕೇಳಿರಲಿಲ್ಲ.

ಎರಡನೆಯ ದಿನ ಕೇಳಿದ. ಒರತೆಯ ಬಳಿ ಖಾಲಿ ಕೊಡ ಇಟ್ಟುಕೊಂಡು ಕೂತಿದ್ದ ಕೇರಿಯ ಮುದುಕಿ ಹುಲಿಗೆವ್ವ ನಕ್ಕುಬಿಟ್ಟಳು.

“ಚೆಲ್ಲಾಕ ನಮ್ಮ ಮನ್ಯಾಗ ಏನೈತ್ರೀ? ಇಷ್ಟು ಕಸ ತೆಗದ್ರೂ ವಾಸನಿ ಹೋಗವಲ್ದು. ನನ್ನ ಸೊಸಿ ಹನ್ನೆರಡು ದಿನದ ಬಾಣಂತಿ. ಈ ನೀರು ಹೆಂಗ ಕುಡಸ್ಲಿ? ಊರ ಬಾವಿ ಎರಡು ಮೈಲಿ. ನನ್ನ ಮೊಣಕಾಲು ಕೇಳವಲ್ದು.”

ಸಂಜೆ ಗುರುಗಳು ಮತ್ತೆ ಕೇಳಿದರು, “ಯಾರದು?”

“ಗೊತ್ತಾಗಲಿಲ್ರಿ.”

“ವಾಸನಿ ಎಲ್ಲಿಂದ ಬರ್ತೈತಿ?”

“ಅದೂ ತಿಳೀವಲ್ದು.”

“ಹಂಗಾರ ಇನ್ನೂ ಏನೋ ಉಳದೈತಿ,” ಎಂದು ಗುರುಗಳು ಮುಂದಕ್ಕೆ ಬಾಗಿ ಕೂತರು, ಕಥೆ ಅರ್ಧಕ್ಕೆ ನಿಂತಂತೆ.

ಗವಿಸಿದ್ದನಿಗೆ ಊಟವೂ ರುಚಿಸಲಿಲ್ಲ. ಗುರುಗಳ ಮಾತಿನಲ್ಲಿ ದೊಡ್ಡ ಒಳಾರ್ಥ ಇರಲೇಬೇಕು. ಕಸ ಯಾರದು? ನಾನು ಯಾರು? ಕಸವೂ ಮಾಯೆಯೋ ಏನೋ ಎಂದೂ ಯೋಚಿಸಿದ. ಮಾಯೆ ಇಷ್ಟು ನಾರಲಾರದು ಅನ್ನಿಸಿ ಬಿಟ್ಟುಬಿಟ್ಟ.

ಮೂರನೆಯ ದಿನ ಒರತೆಯ ಪಕ್ಕದಲ್ಲೇ, ಹೊಳೆಯ ಕಡೆಗೆ, ಆಳವಾಗಿ ಅಗೆದ. ಮರಳಿನಡಿ ಬಟ್ಟೆಯ ಗಂಟೊಂದು ಸಿಕ್ಕಿತು. ಅದರ ಕೆಳಗೆ ಇನ್ನೊಂದು. ಆಮೇಲೆ ಲೆಕ್ಕ ತಪ್ಪಿತು. ಒಂದೊಂದೂ ಉಬ್ಬಿ, ಕಪ್ಪು ನೀರು ಸೋರುತ್ತಿತ್ತು.

“ಇವೇ ನೋಡ್ರಿ,” ಅಂದಳು ಹುಲಿಗೆವ್ವ. “ಹೊಳ್ಯಾಗ ತೇಲಿಕೋತ ಹೋಗೂದು ಕಂಡಿದ್ದೆ, ಇಲ್ಲೇ ಹುಗದು ಕುಂತಾವಂತ ಗೊತ್ತಿರಲಿಲ್ಲ. ಒಮ್ಮೆ ಒಂದು ಹಿಡದು ಬಿಚ್ಚಾಕ ಹೋಗಿದ್ದೆ, ಬರಲಿಲ್ಲ. ತಡೀರಿ, ಕುಡಗೋಲು ತರ್ತೀನಿ.”

ಅವಳು ಕುಡುಗೋಲು ತರುವಷ್ಟರಲ್ಲಿ ಗವಿಸಿದ್ದನ ಕೈಯಲ್ಲಿ ಗಂಟು ಬಿಚ್ಚಿಕೊಂಡಿತ್ತು. ಒಳಗೆ ಕೊಳೆತ ಚೆಂಡು ಹೂವು, ಬಿಲ್ವಪತ್ರೆ.

“ನಿಮಗ ಹೆಂಗ ಬಂತ್ರೀ?”

ಗವಿಸಿದ್ದ ತನ್ನ ಕೈಗಳನ್ನೇ ನೋಡಿಕೊಂಡ. ಅವನದು ಹಗ್ಗ ಹೊಸೆಯುವವರ ಮನೆ. ಅದು ಅಪ್ಪ ಕಲಿಸಿದ ಗಂಟು, ಒಂದು ಎಳೆ ಹಿಡಿದು ಜಗ್ಗಿದರೆ ಮಾತ್ರ ಬಿಚ್ಚುತ್ತದೆ. ದೇವರ ಹೂವು ಚೆಲ್ಲಿ ಯಾರ ಕಾಲಿಗೂ ಸಿಗಬಾರದೆಂದು ದಿನವೂ ಅಷ್ಟು ಬಿಗಿಯಾಗಿ ಕಟ್ಟಿ ಹೊಳೆಗೆ ಬಿಡುತ್ತಿದ್ದ.

“ನಾನ ಕಟ್ಟಿದ್ದು, ಯವ್ವಾ.”

ಹುಲಿಗೆವ್ವ ಕುಡುಗೋಲು ಕೆಳಗಿಟ್ಟಳು.

“ಇನ್ನೂ ಎಷ್ಟದಾವು?” ಅಂದಳು.

“ದಿನಕ್ಕೊಂದ್ರಿ.”

ಅವನು ಮೇಲೆ ಓಡಿ ಗುರುಗಳಿಗೆ ಎಲ್ಲ ಹೇಳಿದ. ಬೆಳಿಗ್ಗೆ ಅಗೆಯುವ ಆತುರದಲ್ಲಿ ಅವನು ಹೊಳೆಗೆ ಬಿಡದೆ ಹೋಗಿದ್ದ ಆ ದಿನದ ಗಂಟು ಬಾಗಿಲ ಬಳಿ ಕಾಯುತ್ತಿತ್ತು. ಗುರುಗಳು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಅವನ ಜೊತೆ ಕೇರಿಗೆ ಇಳಿದರು. ಇಷ್ಟು ವರ್ಷದಲ್ಲಿ ಅವರು ಅಲ್ಲಿಗೆ ಬಂದದ್ದು ಅದೇ ಮೊದಲು.

“ಯವ್ವಾ, ಇದು ದೇವರ ಹೂವು. ಯಾರೂ ತುಳೀಬಾರದು. ಎಲ್ಲಿಡೂಣು?”

ಹುಲಿಗೆವ್ವ ಗುಡಿಸಿಲ ಹಿಂದೆ ಕೈ ತೋರಿಸಿದಳು. “ನನ್ನ ಹೀರಿಬಳ್ಳಿ ಬುಡಕ್ಕ ಹಾಕ್ರಿ. ಅಲ್ಲಿ ಮೊಮ್ಮಕ್ಕಳಿಗೂ ಕಾಲಿಡಾಕ ಬಿಡಂಗಿಲ್ಲ ನಾನು.”

ಗುರುಗಳು ಹಾಗೇ ಮಾಡಿದರು. ಆಮೇಲೆ ಸನಿಕೆ ಇಸಿದುಕೊಂಡು ಮರಳಿಗೆ ಇಳಿದರು. ಹೊತ್ತು ಇಳಿಯುವುದರೊಳಗೆ ಗಂಟುಗಳೆಲ್ಲ ಹೊರಬಂದವು. ಮೇಲಿನ ಕಡೆ ಹೊಸ ಒರತೆ ತೋಡಿದರು. ನೀರು ಮೆಲ್ಲಗೆ ಜಿನುಗಿತು. ಹುಲಿಗೆವ್ವ ಬೊಗಸೆಯಲ್ಲಿ ಹಿಡಿದು ಮೂಸಿ ಚೆಲ್ಲಿದಳು. ಇನ್ನೊಮ್ಮೆ ಹಿಡಿದು ಮೂಸಿದಳು. ಆಮೇಲೆ ಬಾಣಂತಿಗೆಂದು ಕೊಡ ತುಂಬಿಕೊಂಡು ಹೋದಳು.

ಗವಿಸಿದ್ದ ತಲೆ ತಗ್ಗಿಸಿ ಹೇಳಿದ, “ನಿಮಗ ಮೊದಲ ಗೊತ್ತಿತ್ತು, ಅಜ್ಜಾರ. ಅದಕ್ಕ ದಿನಾ ‘ಯಾರದು’ ಅಂತ ಕೇಳಿದ್ರಿ.”

“ಗೊತ್ತಿದ್ರ ಯಾಕ ಕೇಳ್ತಿದ್ದೆ?” ಗುರುಗಳು ಕೈಯ ಕೆಸರು ತೊಳೆದುಕೊಂಡರು. “ನೀ ಬರೂದಕ್ಕಿಂತ ಮೊದಲ ಇಪ್ಪತ್ತು ವರ್ಷ ಹೂವು ಕಟ್ಟಿ ಹೊಳಿಗೆ ಎಸದಾವ ನಾನ. ನಂದು ಸಡಿಲ ಗಂಟು, ನೀರಾಗ ಬಿಚ್ಚಿಕೊಂಡು ಹೋಗ್ತಿತ್ತು. ಅದಕ್ಕ ಸಿಕ್ಕಿಬೀಳಲಿಲ್ಲ.”