ಹುಲಿಗೆಮ್ಮನನ್ನು ತೂಗಿದ ಪಂಡಿತ

ತೂಕಡಿಸೋರು ಗೋಡೆಗೆ ಒರಗಿ, ಕೇಳೋರು ಹತ್ತಿರ ಬನ್ನಿ. ಒಂದಾನೊಂದು ರಾಜ್ಯದಲ್ಲಿ ಹಿಟ್ಟಿಗೆ ಬರ ಬಂದರೂ ಜಗಳಕ್ಕೆ ಬರ ಬರುತ್ತಿರಲಿಲ್ಲ. ಜಗಳ ಯಾತಕ್ಕೆ ಅಂತೀರಿ? ತೀರಿಹೋದ ಇಬ್ಬರು ಹಾಡುಗಾರರಲ್ಲಿ ಯಾರು ದೊಡ್ಡವರು ಅಂತ.

ಕೋಟೆಯೊಳಗಿನವರಿಗೆ ಸಿರಿಯಣ್ಣನೇ ದೇವರು. ಹೊಳೆಯಾಚೆಯವರಿಗೆ ಹುಲಿಗೆಮ್ಮನೇ ದೇವತೆ. ಇವರು ಅವಳ ಹಾಡು ಕೇಳಿದ್ದಿಲ್ಲ, ಅವರು ಇವನ ಹಾಡು ಕೇಳಿದ್ದಿಲ್ಲ. ಕೇಳಿಬಿಟ್ಟರೆ ಜಗಳಕ್ಕೆ ರುಚಿ ಎಲ್ಲಿ ಬಂತು?

ರಾಜ ಬೇಸತ್ತು ತ್ರ್ಯಂಬಕ ಪಂಡಿತನಿಗೆ ತೀರ್ಪು ಒಪ್ಪಿಸಿದ. ಪಂಡಿತ ಮೂರು ಪರೀಕ್ಷೆ ಇಟ್ಟ. ಯಾರ ಥರ ಜನ ರುಮಾಲು ಸುತ್ತುತ್ತಾರೆ? ಸಿರಿಯಣ್ಣನ ಥರ. ಹುಲಿಗೆಮ್ಮ ರುಮಾಲು ಸುತ್ತಿರಲೇ ಇಲ್ಲ, ಪಾಪ. ಯಾರ ಹಾಡಿಗೆ ಜನ ತಲೆದೂಗುತ್ತಾರೆ? ಸಿರಿಯಣ್ಣನ ಹಾಡಿಗೆ. ಪಂಡಿತ ವಿಚಾರಿಸಿದ್ದು ಕೋಟೆಯೊಳಗೆ ಮಾತ್ರ. ಯಾರ ಶಿಷ್ಯ ಮಹಾಪಂಡಿತ? ಸಿರಿಯಣ್ಣನ ಶಿಷ್ಯ, ಅಂದರೆ ತ್ರ್ಯಂಬಕ ಪಂಡಿತನೇ.

"ಸೋತವಳ ಹಾಡು ಇನ್ನು ಯಾರೂ ಹಾಡಕೂಡದು. ಹಾಡಿದವರಿಗೆ ಗಡಿಪಾರು" ಅಂದ ಪಂಡಿತ. ರಾಜನಿಗೆ ಊಟದ ಹೊತ್ತಾಗಿತ್ತು. ಹೂಂ ಅಂದುಬಿಟ್ಟ.

ಡಂಗುರ ಸಾರುವ ಭರಮ ಅಲ್ಲೇ ನಿಂತಿದ್ದ. ಅವನ ಮನೆ ಹೊಳೆಯಾಚೆ. ಅವನವ್ವನಿಗೆ ಮರೆವು ಬಂದು, ಹೆತ್ತ ಮಗನನ್ನೇ "ಯಾರಪ್ಪಾ ನೀನು" ಅಂತಿದ್ದಳು. ಹುಲಿಗೆಮ್ಮನ "ನೆರಳೇ ನೆರಳೇ ನಿಲ್ಲೇ, ನೀರು ಕುಡಿದು ಹೋಗೇ" ಹಾಡೊಂದೇ ಅವಳ ಬಾಯಲ್ಲಿ ಉಳಿದಿತ್ತು. ಅದನ್ನು ಹಾಡಿ ಮುಗಿಸಿದಾಗ ಮಾತ್ರ "ಬಂದ್ಯಾ ಭರಮಾ" ಅನ್ನೋಳು. ಅಂಥ ಮುದುಕಿಗೆ ಹಾಡಬೇಡ ಅಂದರೆ ತಿಳಿಯುತ್ತದೆಯೇ? ಹಾಡಿದರೆ ಗಡಿ ದಾಟಿಸುತ್ತಾರೆ. ಭರಮನಿಗೆ ಅಳು ಬಂತು. ನುಂಗಿಕೊಂಡು ಪಂಡಿತನಿಗೆ ಕೈ ಮುಗಿದ.

"ಬುದ್ಧೀ, ಕೋಟೆ ಜನಕ್ಕೆ ಆಯಮ್ಮನ ಹಾಡೇ ಗೊತ್ತಿಲ್ಲ. ಯಾವುದನ್ನ ಹಾಡಬಾರದು ಅಂತ ಅವರಿಗೆ ಹೆಂಗೆ ತಿಳೀಬೇಕು?"

"ಅಷ್ಟೂ ತಿಳಿಯದೆ? ಬೀದಿ ಬೀದಿಯಲ್ಲಿ ಹಾಡಿ ತೋರಿಸು, ಇದನ್ನು ಹಾಡಬೇಡಿ ಅಂತ ಸಾರು" ಅಂದ ಪಂಡಿತ. ತನ್ನ ಜಾಣತನಕ್ಕೆ ತಾನೇ ತಲೆದೂಗಿದ.

ಭರಮ ಬಳೆಗಾರರ ಬೀದಿಯಲ್ಲಿ ಹಾಡಿ ಸಾರಿದ. ಜನ ಬಾಯಿಬಿಟ್ಟು ಕೇಳಿದರು. ಪಂಡಿತನದೇ ಬೀದಿಯಲ್ಲಿ ಹಾಡಿ ಸಾರಿದ. "ಯಾವುದನ್ನ ಹಾಡಬಾರದು? ಮರೆತೋಯ್ತು, ಇನ್ನೊಂದ್ಸಲ ಹೇಳಪ್ಪಾ" ಅಂದರು. ಪಂಡಿತನೂ ಕಿಟಕಿಯಲ್ಲಿ ಕಿವಿ ಇಟ್ಟ. ಕೆಲಸದ ಮೇಲ್ವಿಚಾರಣೆ ನೋಡಿ.

ಮೂರನೆಯದು ಅರಮನೆ ಬಾಗಿಲು. ರಾಜ ಎದುರಿಗೇ ಕೂತಿದ್ದ, ಪಕ್ಕದಲ್ಲಿ ಪಂಡಿತ. ಭರಮ ಅಲ್ಲಿ ಬೇಕಂತಲೇ ರಾಗ ಕೆಡಿಸಿ, ಕತ್ತೆ ನಾಚುವಂತೆ ಹಾಡಿದ. ಪಂಡಿತ ಕಿವಿ ಮುಚ್ಚಿಕೊಂಡ, ಹಲ್ಲು ಕಡಿದ, ಕೊನೆಗೆ ತಡೆಯಲಾರದೆ ಹೋದ.

"ಹಾಗಲ್ಲವೋ ದಡ್ಡ, ಹೀಗೆ" ಅಂದವನೇ ಕಣ್ಣು ಮುಚ್ಚಿ, ಮೊದಲಿಂದ ಕೊನೆಯ ತನಕ ಹಾಡಿದ. ಎಷ್ಟು ಚೆಂದ ಹಾಡಿದ ಅಂದರೆ ಅವನ ಕಣ್ಣಲ್ಲೇ ನೀರು ಬಂತು.

ಕಣ್ಣು ಬಿಟ್ಟರೆ ರಾಜ ನಗುತ್ತಿದ್ದ. "ಪಂಡಿತರೇ, ಗಡಿಗೆ ದಾರಿ ಗೊತ್ತಲ್ಲ?"

ಪಂಡಿತ ಕಾಲಿಗೆ ಬಿದ್ದ. "ಮಹಾಸ್ವಾಮಿ, ಆ ಅಪ್ಪಣೆ ವಾಪಸು ತಗೊಳ್ಳಬೇಕು. ಹುಲಿಗೆಮ್ಮ ಏನು ಕಮ್ಮಿ?"

ಅಪ್ಪಣೆ ಹೋಯಿತು. ಪಂಡಿತಗಿರಿಯೂ ಹೋಯಿತು. ಭರಮ ಮನೆಗೆ ಬಂದಾಗ ಅವ್ವ ಜಗಲಿ ಮೇಲೆ ಕೂತು ಹಾಡುತ್ತಿದ್ದಳು. ಮುಗಿಯುವ ತನಕ ಅವನು ಬಾಗಿಲಲ್ಲೇ ನಿಂತ. "ಬಂದ್ಯಾ ಭರಮಾ" ಅಂದಳು.

ನೀತಿ ಇಷ್ಟೇ: ದೊಡ್ಡವರನ್ನು ತೂಗೋಕೆ ಹೊರಟವನು ಮೊದಲು ಅವರ ಹಾಡು ಕೇಳಬೇಕು. ಕೇಳಿದ ಮೇಲೆ ತೂಗುವ ಚಟ ತಾನಾಗೇ ಬಿಡುತ್ತದೆ. ಬಿಡದಿದ್ದರೆ ಗಡಿ ಇದ್ದೇ ಇದೆಯಲ್ಲ.