ಹಾಸಿಗೆ ಹಾಸುವ ಮಾಳಕ್ಕನೂ ರಾಜನ ಕಣ್ಣ ಕೆಳಗಿನ ಕಪ್ಪೂ

ಹತ್ತಿರ ಬನ್ನಿ, ಕೂತ್ಕೊಳ್ಳಿ. ಕಾಲು ಚಾಚಬೇಡಿ, ಹಿಂದಿನವರಿಗೂ ಜಾಗ ಬೇಕು. ಹಾಲುಗುಂದಿ ಅಂತ ಒಂದು ರಾಜ್ಯ. ಅದು ಎಲ್ಲಿದೆ ಅಂತ ಯಾರಾದರೂ ಕೇಳಿದರೆ ಕಥೆ ನಿಲ್ಲಿಸಿ ಎದ್ದು ಹೋಗ್ತೀನಿ. ಆ ರಾಜ್ಯದಲ್ಲಿ ಚೆಲುವಭೂಪ ಅಂತ ಒಬ್ಬ ರಾಜ. ಹೆಸರಿಗೆ ತಕ್ಕ ಹಾಗೆ ಚೆಲುವ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು, ಅಲ್ಲೇ ಬಂದಿದ್ದು ತಾಪತ್ರಯ.

ಆ ಊರಲ್ಲಿ ಒಂದು ಪದ್ಧತಿ. ದಿನಾ ಬೆಳಿಗ್ಗೆ ರಾಜ ಅರಮನೆ ಕಿಟಕಿ ತೆಗೆದು ಮುಖ ತೋರಿಸಬೇಕು. ಆ ಮುಖ ನೋಡಿದ ಮೇಲೇ ಊರಿನ ಕೆಲಸ ಶುರು. ಅಲ್ಲಿವರೆಗೆ ಗಾಣ ತಿರುಗಲ್ಲ, ಮಗ್ಗ ಆಡಲ್ಲ, ಒಲೆ ಉರಿಯಲ್ಲ. ಇನ್ನೊಂದು ಪದ್ಧತಿ. ಬೇಸಿಗೆ ಬಂತು ಅಂದರೆ ಮಾವಿನ ಉಪ್ಪಿನಕಾಯಿ ಹಾಕಿದ ಮನೆಯವರೆಲ್ಲ ಮೊದಲ ಜಾಡಿ ಅರಮನೆಗೆ ಕೊಡಬೇಕು. ರಾಜ ಒಂದನ್ನೂ ಬಿಡದೆ ತಿನ್ನಬೇಕು. ಒಬ್ಬರ ಜಾಡಿ ಬಿಟ್ಟರೂ ಆ ಮನೆ ಹೆಂಗಸರು ವರ್ಷವೆಲ್ಲ ಮಾತು ಬಿಡ್ತಾರೆ. ಅದಕ್ಕೇ ಚೆಲುವಭೂಪ ರಾತ್ರಿ ಊಟಕ್ಕೆ ಹನ್ನೆರಡು ಜಾಡಿ ಮುಂದಿಟ್ಟುಕೊಂಡು ಕೂರುತ್ತಿದ್ದ.

ಒಂದು ಬೇಸಿಗೆ ಹೀಗೇ ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಕಣ್ಣುಜ್ಜಿದ. ಮತ್ತೆ ತಿಂದ, ಮತ್ತೆ ಉಜ್ಜಿದ. ಬೆಳಿಗ್ಗೆ ಕನ್ನಡಿ ನೋಡಿದರೆ ಕಣ್ಣ ಕೆಳಗೆ ಎರಡು ಚೀಲ ಇಳಿಬಿದ್ದಿವೆ, ಅದರ ಸುತ್ತ ಕಾಡಿಗೆ ಮೆತ್ತಿದ ಹಾಗೆ ಕಪ್ಪು.

ರಾಜನಿಗೆ ಅಳುವೇ ಬಂತು. ಅವತ್ತು ಕಿಟಕಿ ಅರ್ಧ ತೆಗೆದು ಬರೀ ಪೇಟ ತೋರಿಸಿದ. ಮರುದಿನ ಬರೀ ಕೈ ತೋರಿಸಿದ. ಮೂರನೇ ದಿನ ಪರದೆ ಹಿಂದಿಂದ ಕೆಮ್ಮಿದ. ಕೆಳಗೆ ನಿಂತ ಜನಕ್ಕೆ ದಿಕ್ಕೇ ತೋಚಲಿಲ್ಲ. ಪೇಟ ಕಂಡರೆ ಹಸು ಕರೆಯಬಹುದಾ, ಕೆಮ್ಮು ಕೇಳಿದರೆ ಗಾಣ ಕಟ್ಟಬಹುದಾ ಅಂತ ಅವರವರಲ್ಲೇ ಜಗಳ ಶುರುವಾಯಿತು.

ಕೊನೆಗೆ ರಾಜ, ಈ ಕಪ್ಪು ತೆಗೆಯೋರು ಯಾರಿದ್ದರೂ ಬನ್ನಿ ಅಂತ ಡಂಗುರ ಹೊಡೆಸಿದ. ಡಂಗುರ ಕೇಳಿ ಬಂದವನು ಗಂಧಪ್ಪ ಪಂಡಿತ. ಅವನ ಮುಖ ನೋಡಬೇಕಿತ್ತು ನೀವು, ತೊಳೆದಿಟ್ಟ ಹಿತ್ತಾಳೆ ಚೆಂಬು. ತನ್ನ ಹತ್ತಿರ ಒಂದು ಲೇಪ ಇದೆ, ಯಾವ ಮುಖಕ್ಕಾದರೂ ಒಗ್ಗುತ್ತೆ, ತಾನೂ ದಿನಾ ಹಚ್ಚಿಕೊಳ್ತೀನಿ, ತನ್ನ ಕಣ್ಣೇ ಸಾಕ್ಷಿ ಅಂತ ತುಂಬಿದ ಸಭೆಯಲ್ಲಿ ಹೇಳಿದ. ರಾಜ ನಂಬಿದ. ಅರಮನೆಯಲ್ಲೇ ಕೋಣೆ, ಹೊತ್ತು ಹೊತ್ತಿಗೆ ತುಪ್ಪದನ್ನ, ಎಲ್ಲ ಸಿಕ್ಕಿತು ಪಂಡಿತನಿಗೆ.

ಮೊದಲ ಮದ್ದು ಆ ಲೇಪ. ನಿಂಬೆರಸ, ಪಟಿಕದ ಪುಡಿ. ರಾತ್ರಿಗೆ ಮೂರು ಸಲ ಎಬ್ಬಿಸಿ ಹಚ್ಚಬೇಕು ಅಂತ ಕಟ್ಟಪ್ಪಣೆ. ಕಾವಲಿನವರು ಮೂರು ಸಲ ಎಬ್ಬಿಸಿದರು, ಮೂರು ಸಲ ಹಚ್ಚಿದರು. ಪಂಡಿತ ಮಾತ್ರ ತನ್ನ ಕೋಣೆಯಲ್ಲಿ ಗೊರಕೆ ಹೊಡೀತಿದ್ದ. ರಾಜನ ಕಣ್ಣು ಉರಿದು ಕೆಂಪಾಯಿತು, ಚೀಲ ಇನ್ನಷ್ಟು ಇಳೀತು.

ಎರಡನೇ ಮದ್ದು ಉಜ್ಜೋದು. ಕಪ್ಪು ಅನ್ನೋದು ಕೊಳೆ, ಉಜ್ಜಿದರೆ ಹೋಗುತ್ತೆ ಅಂದ ಪಂಡಿತ. ಲೇಪದ ಜೊತೆಗೆ ಹೊತ್ತಿಗೊಂದು ಸಲ ಒರಟು ಬಟ್ಟೆ ತಗೊಂಡು ಪಾತ್ರೆ ಬೆಳಗಿದ ಹಾಗೆ ಬೆಳಗಿದರು. ಇದ್ದ ಕಪ್ಪು ಇನ್ನೂ ಕಪ್ಪಾಯಿತು.

ಮೂರನೇ ಮದ್ದು ಮುಚ್ಚೋದು. ಅಕ್ಕಿಹಿಟ್ಟು, ಶ್ರೀಗಂಧ ಕಲಸಿ ಕಣ್ಣ ಕೆಳಗೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದರು. ರಾಜ ಧೈರ್ಯ ಮಾಡಿ ಕಿಟಕಿಗೆ ಬಂದ. ಮುಂದಿನ ಸಾಲಲ್ಲಿ ತಾಯಿ ಸೊಂಟದ ಮೇಲಿದ್ದ ಒಂದು ಕೂಸು ಅವನನ್ನ ನೋಡಿ ಕಿಟಾರನೆ ಕಿರುಚಿತು. ಕಿಟಕಿ ಮುಚ್ಚಿತು.

ರಾಜ ಸಿಟ್ಟಿನಿಂದ ಪಂಡಿತನನ್ನ ಕರೆಸಿದ. ಈಗ ಪಂಡಿತನಿಗೆ ಪ್ರಾಣಕ್ಕೆ ಬಂತು. ತಪ್ಪು ಇನ್ಯಾರ ತಲೆಗಾದರೂ ಕಟ್ಟಬೇಕಲ್ಲ? ಸುತ್ತ ನೋಡಿದ. ಮೂಲೆಯಲ್ಲಿ ಮಾಳಕ್ಕ ಹಾಸಿಗೆ ಮಡಚುತ್ತಿದ್ದಳು.

ಮಾಳಕ್ಕ ಯಾರು ಅಂದರೆ, ಅರಮನೆಯಲ್ಲಿ ಹಾಸಿಗೆ ಹಾಸೋಳು. ಹನ್ನೆರಡು ವರ್ಷದವಳಿದ್ದಾಗ ಬಂದವಳು. ಈ ರಾಜನ ಅಜ್ಜನಿಗೆ ಹಾಸಿದಳು, ಅಪ್ಪನಿಗೆ ಹಾಸಿದಳು, ಈಗ ಇವನಿಗೆ. ಹಿಂದೆ ಮುಂದೆ ಯಾರೂ ಇಲ್ಲ. ಅರಮನೆಯ ಹಿಂದಿನ ಚಿಕ್ಕ ಕೋಣೆಯೇ ಅವಳ ಮನೆ.

ಪಂಡಿತ ಅವಳ ಕಡೆ ಬೆರಳು ಮಾಡಿದ. ತನ್ನ ಮದ್ದಿನಲ್ಲಿ ದೋಷ ಇಲ್ಲ, ಈ ಮುದುಕಿಯ ಕಣ್ಣು ಕೆಟ್ಟದ್ದು, ದಿನಾ ದಿಂಬು ಮುಟ್ಟಿ ಮುಟ್ಟಿ ರಾಜನ ಮುಖಕ್ಕೆ ದೃಷ್ಟಿ ಹತ್ತಿಸಿದ್ದಾಳೆ ಅಂದ. ರಾಜನೋ, ನಿದ್ದೆಗೆಟ್ಟವನು. ನಿದ್ದೆಗೆಟ್ಟವರಿಗೆ ಬುದ್ಧಿ ಎಲ್ಲಿಂದ ಬರಬೇಕು? ಹುಣ್ಣಿಮೆಯೊಳಗೆ ಮಾಳಕ್ಕ ರಾಜ್ಯದ ಗಡಿ ದಾಟಬೇಕು ಅಂತ ಆಜ್ಞೆ ಮಾಡಿಬಿಟ್ಟ.

ಮಾಳಕ್ಕ ತನ್ನ ಕೋಣೆಗೆ ಹೋಗಿ ಕೂತಳು. ಈ ವಯಸ್ಸಿನಲ್ಲಿ ಎಲ್ಲಿಗೆ ಹೋಗೋದು? ಸೆರಗಿನಿಂದ ಕಣ್ಣೊರೆಸಿಕೊಂಡಳು, ಇದ್ದ ಎರಡು ಸೀರೆ ಗಂಟು ಕಟ್ಟಿದಳು. ಗಂಟು ಕಟ್ಟುತ್ತಾ ಕಟ್ಟುತ್ತಾ ಸಿಟ್ಟು ಬಂತು. ಸಿಟ್ಟಿನ ಜೊತೆಗೆ ಒಂದು ಉಪಾಯವೂ ಬಂತು. ಗಂಟು ಅಲ್ಲೇ ಬಿಟ್ಟು ನೇರ ಸಭೆಗೆ ನಡೆದಳು.

"ಬುದ್ಧಿ, ಹೋಗು ಅಂದ್ರೆ ಹೋಗ್ತೀನಿ," ಅಂದಳು. "ಹುಣ್ಣಿಮೆಗೆ ಇನ್ನೂ ಹತ್ತು ದಿನ ಇದೆ. ಒಂಬತ್ತು ದಿನ ನೀವು ಮದ್ದು ಬಿಡಿ, ನಾನು ಹೇಳಿದ ಹಾಗಿರಿ. ಆ ಮದ್ದನ್ನೆಲ್ಲ ಪಂಡಿತರು ಹಚ್ಕೊಳ್ಳಲಿ, ಹೆಂಗೂ ದಿನಾ ಹಚ್ಕೊಳ್ಳೋರಲ್ವಾ. ಇಬ್ಬರ ಹಾಸಿಗೇನೂ ನಾನೇ ಹಾಸ್ತೀನಿ. ನನ್ನ ಕಣ್ಣು ಕೆಟ್ಟದ್ದಾದ್ರೆ ಇಬ್ಬರ ಮುಖವೂ ಕೆಡಲಿ. ಹತ್ತನೇ ದಿನ ಇಬ್ಬರೂ ಕಿಟಕಿಗೆ ಬನ್ನಿ, ಜನ ನೋಡಿ ಹೇಳಲಿ."

ಸಭೆಯಲ್ಲಿ ತಲೆಗಳು ಹೌದು ಹೌದು ಅಂತ ಆಡಿದವು. ಪಂಡಿತ ತನ್ನ ಚರ್ಮ ಬೇರೆ, ಈ ತಿಂಗಳು ಗ್ರಹಗತಿ ಬೇರೆ ಅಂತ ಏನೇನೋ ತೊದಲಿದ. ಯಾವ ಮುಖಕ್ಕಾದರೂ ಒಗ್ಗುತ್ತೆ ಅಂತ ಇದೇ ಸಭೆಯಲ್ಲಿ ಹೇಳಿದ್ದು ಯಾರು ಅಂತ ರಾಜ ಕೇಳಿದ. ಪಂಡಿತ ಒಪ್ಪಲೇಬೇಕಾಯಿತು.

ಮಾಳಕ್ಕ ಮೊದಲು ಉಪ್ಪಿನಕಾಯಿ ಜಾಡಿಗಳನ್ನ ಉಗ್ರಾಣಕ್ಕೆ ಸಾಗಿಸಿ ಬೀಗ ಹಾಕಿದಳು. ರಾತ್ರಿ ಬರೀ ಮಜ್ಜಿಗೆ ಅನ್ನ. ರುಚಿ ನೋಡಲೇಬೇಕಲ್ಲ, ಅದಕ್ಕೆ ಮಧ್ಯಾಹ್ನ ದಿನಕ್ಕೊಂದು ಮನೆಯದು ಒಂದೇ ಹೋಳು. ತಲೆದಿಂಬಿನ ಮೇಲೆ ಇನ್ನೊಂದು ದಿಂಬಿಟ್ಟಳು. ದೀಪ ಆರಿಸಿದ ಮೇಲೆ ಮಂತ್ರಿ ಬಂದರೂ ಬಾಗಿಲು ತೆಗೀಬೇಡಿ ಅಂತ ಕಾವಲಿನವರಿಗೆ ಹೇಳಿದಳು. ಬೆಳಿಗ್ಗೆ ಮಣ್ಣಿನ ಹೂಜಿ ನೀರಲ್ಲಿ ಬಟ್ಟೆ ಅದ್ದಿ ರಾಜನ ಕಣ್ಣ ಮೇಲೆ ಮೆಲ್ಲಗೆ ಇಟ್ಟಳು. ಉಜ್ಜೋ ಚಟ ಬಿಡಲಿ ಅಂತ ಕೂಸಿಗೆ ಕಟ್ಟಿದ ಹಾಗೆ ಎರಡೂ ಕೈಗೆ ಮೆತ್ತನೆ ಬಟ್ಟೆ ಕಟ್ಟಿದಳು. ಹಾಲುಗುಂದಿಯ ರಾಜ, ಮೂವತ್ತೆಂಟು ವರ್ಷದ ಗಂಡಸು, ಕೈಗೆ ಬಟ್ಟೆ ಕಟ್ಟಿಸಿಕೊಂಡು ಮುಖ ಸಿಂಡರಿಸಿಕೊಂಡು ಮಲಗಿದ. ನಗಬೇಡಿ, ನಿಮ್ಮಲ್ಲೂ ಕೆಲವರಿಗೆ ಕಟ್ಟಬೇಕಾಗಿದೆ.

ಮೊದಲ ದಿನ ರಾಜ ಗೊಣಗಿದ. ಎರಡನೇ ದಿನ ಉಪ್ಪಿನಕಾಯಿ ಕನಸು ಕಂಡ. ಮೂರನೇ ದಿನ ಕನಸೂ ಇಲ್ಲ, ಕೊರಡಿನ ಹಾಗೆ ಮಲಗಿದ. ಅತ್ತ ಪಂಡಿತನನ್ನ ಕಾವಲಿನವರು ಅವನೇ ಹೇಳಿಕೊಟ್ಟ ಹಾಗೆ ರಾತ್ರಿಗೆ ಮೂರು ಸಲ ಎಬ್ಬಿಸಿದರು, ನಿಂಬೆರಸ ಮೆತ್ತಿದರು, ಒರಟು ಬಟ್ಟೆಯಲ್ಲಿ ಬೆಳಗಿದರು. ಇವತ್ತೊಂದು ದಿನ ಬಿಡ್ರಪ್ಪಾ ಅಂತ ಅವನು ಕೈ ಮುಗಿದ. ಮದ್ದು ಒಂದು ಹೊತ್ತೂ ತಪ್ಪಬಾರದು ಅಂತ ನೀವೇ ಹೇಳಿದ್ದಲ್ವಾ ಸ್ವಾಮಿ ಅಂದರು ಅವರು.

ಹತ್ತನೇ ದಿನ ಬೆಳಿಗ್ಗೆ ಕಿಟಕಿ ಕೆಳಗೆ ಊರೇ ನೆರೆದಿತ್ತು. ಮೊದಲು ರಾಜ ಮುಖ ತೋರಿಸಿದ. ಚೀಲ ಕರಗಿತ್ತು, ಕೆಂಪು ಹೋಗಿತ್ತು, ಕಪ್ಪು ಅರ್ಧಕ್ಕರ್ಧ ಕಡಿಮೆಯಾಗಿತ್ತು. ಆಮೇಲೆ ಪಂಡಿತ ಬಂದ. ಅವನ ಕಣ್ಣ ಕೆಳಗೆ ಎರಡು ಗುಂಡು ಬದನೆಕಾಯಿ ತೂಗುತ್ತಿದ್ದವು. ಜನ ಬಿದ್ದು ಬಿದ್ದು ನಕ್ಕರು. ಗಾಣದವನಿಗೆ ನಕ್ಕು ನಕ್ಕು ಬಿಕ್ಕಳಿಕೆ ಹತ್ತಿತು.

ಪಂಡಿತ ಅಲ್ಲೇ ರಾಜನ ಕಾಲು ಹಿಡಿದ. ಆ ಲೇಪವನ್ನ ತಾನು ಒಂದು ದಿನವೂ ಹಚ್ಚಿಕೊಂಡವನಲ್ಲ, ತನ್ನ ಮುಖ ಹೊಳೀತಿದ್ದಿದ್ದು ಹೊತ್ತಿಗೆ ಸರಿಯಾಗಿ ಮಲಗುತ್ತಿದ್ದುದರಿಂದ, ಮಾಳಕ್ಕನ ಮೇಲೆ ಹೇಳಿದ್ದೆಲ್ಲ ಸುಳ್ಳು ಅಂತ ಒಪ್ಪಿಕೊಂಡ. ಇವನಿಗೆ ಏನು ಶಿಕ್ಷೆ ಕೊಡಲಿ ಅಂತ ರಾಜ ಮಾಳಕ್ಕನನ್ನೇ ಕೇಳಿದ.

"ಮೊದಲು ಮಲಗಲಿ, ಪಾಪ," ಅಂದಳು ಮಾಳಕ್ಕ. "ಎದ್ದ ಮೇಲೆ, ಆ ಲೇಪ ಎಲ್ಲೆಲ್ಲಿ ಹೊಗಳಿದ್ದಾನೋ ಅಲ್ಲಿಗೆಲ್ಲ ಹೋಗಿ ಇದೇ ಮುಖ ತೋರಿಸಿ ಬರಲಿ."

ಹಾಗೇ ಆಯಿತು. ಆದರೆ ರಾಜನ ಕೈ ಮತ್ತೆ ಕನ್ನಡಿಗೆ ಹೋಯಿತು. ಉಳಿದ ಅರ್ಧ ಕಪ್ಪು ಯಾವಾಗ ಹೋಗುತ್ತೆ ಅಂತ ಕೇಳಿದ. ಮಾಳಕ್ಕ ಒಂದು ಹಿಡಿ ತೆಂಗಿನ ನಾರು ತಗೊಂಡು ಅವನನ್ನ ಹಿತ್ತಲ ಬಾವಿಯ ಹತ್ತಿರ ಕರೆದುಕೊಂಡು ಹೋದಳು. ಅಲ್ಲೊಂದು ಕಲ್ಲಿನ ವಿಗ್ರಹ, ಅದರ ಮುಖದ ತುಂಬ ಪಾಚಿ. ಕೂತು ನಿಧಾನಕ್ಕೆ ತಿಕ್ಕಿದಳು. ಮೂಗು ಕಂಡಿತು, ಹಣೆ ಕಂಡಿತು, ಕಣ್ಣು ಕಂಡಿತು. ಎರಡೂ ಕಣ್ಣ ಕೆಳಗೆ ಶಿಲ್ಪಿ ಚಂದವಾಗಿ ಎರಡು ತಗ್ಗು ಕೆತ್ತಿದ್ದ, ಅದರಲ್ಲಿ ನೆರಳು ಕಪ್ಪಗೆ ಕೂತಿತ್ತು.

"ನಿಮ್ಮಜ್ಜ," ಅಂದಳು. "ನಿಮ್ಮಪ್ಪನಿಗೂ ಈ ವಯಸ್ಸಿಗೆ ಹಿಂಗೇ ಬಂತು. ಉಪ್ಪು ತಂದಿದ್ದನ್ನ ನಾನು ತೆಗೆದೆ, ನಿದ್ದೆಗೆಟ್ಟು ಬಂದಿದ್ದನ್ನ ತೆಗೆದೆ. ಇದು ಅವರು ಕೊಟ್ಟು ಹೋಗಿದ್ದು ಬುದ್ಧಿ, ಇದನ್ನ ತೆಗೆಯೋ ಮದ್ದು ನನ್ನ ಹತ್ರ ಇಲ್ಲ. ಇದ್ರೂ ನಾನು ಹಚ್ಚಲ್ಲ."

ರಾಜ ಆ ಕಲ್ಲಿನ ಮುಖ ನೋಡಿದ. ಕೈ ತಾನಾಗಿ ತನ್ನ ಕಣ್ಣ ಕೆಳಗೆ ಹೋಯಿತು, ಉಜ್ಜಲಿಲ್ಲ, ಸುಮ್ಮನೆ ಮುಟ್ಟಿತು. ಆಮೇಲೆ ಮಾಳಕ್ಕನ ಮುಖ ನೋಡಿದ. ನಾಚಿಕೆಯಿಂದ ತಲೆ ತಗ್ಗಿಸಿದ.

ಮರುದಿನ ಕಿಟಕಿಯ ಎರಡೂ ಬಾಗಿಲು ಪೂರ್ತಿ ತೆರೆದವು. ಹಿಟ್ಟಿಲ್ಲ, ಪರದೆಯಿಲ್ಲ. ಕೆಳಗೆ ನಿಂತಿದ್ದ ಒಬ್ಬ ಹಣ್ಣು ಮುದುಕ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಇವರಜ್ಜನವರೇ ಬಂದು ನಿಂತ ಹಾಗಾಯಿತಲ್ಲ ಅಂತ ಗದ್ಗದಿತನಾದ. ಜನ ಕೆಲಸಕ್ಕೆ ಹೊರಡೋಕೆ ತಿರುಗಿದರು. ರಾಜ ತಡೆದ. ಒಳಗೆ ಹೋಗಿ, ಬೇಡ ಬೇಡ ಅಂತಿದ್ದ ಮಾಳಕ್ಕನನ್ನ ಕೈ ಹಿಡಿದು ಕರೆದುಕೊಂಡು ಬಂದು ಪಕ್ಕದಲ್ಲಿ ನಿಲ್ಲಿಸಿಕೊಂಡ.

"ಈ ಕಣ್ಣನ್ನ ಕೆಟ್ಟದ್ದು ಅಂತ ನಂಬಿದೆ," ಅಂದ. "ಇನ್ನು ಮೇಲೆ ಮೊದಲು ಈ ಮುಖ ನೋಡಿ, ಆಮೇಲೆ ನನ್ನದು."

ಮಾಳಕ್ಕ ಸೆರಗಲ್ಲಿ ಬಾಯಿ ಮುಚ್ಚಿಕೊಂಡು ನಿಂತಳು. ಹೋಗೋಕೆ ಕಟ್ಟಿದ್ದ ಗಂಟು ಅವತ್ತು ಬಿಚ್ಚಿದಳು. ಅವಳು ಬದುಕಿರೋವರೆಗೂ ಹಾಲುಗುಂದಿಯ ಗಾಣ ತಿರುಗಿದ್ದು, ಮಗ್ಗ ಆಡಿದ್ದು, ಒಲೆ ಹೊತ್ತಿದ್ದು ಆ ಹಾಸಿಗೆ ಹಾಸೋಳ ಮುಖ ನೋಡಿದ ಮೇಲೆಯೇ.

ನೀತಿ ಕೇಳಿಸಿಕೊಳ್ಳಿ. ಮದ್ದು ಕೊಡೋನು ಅದನ್ನ ತಾನೂ ಹಚ್ಚಿಕೊಳ್ತಾನಾ ಅಂತ ನೋಡಿ ತಗೊಳ್ಳಿ. ನಿಮ್ಮ ಮುಖ ಕಪ್ಪಾದರೆ ನಿಮ್ಮ ಊಟ ನೋಡಿಕೊಳ್ಳಿ, ನಿದ್ದೆ ನೋಡಿಕೊಳ್ಳಿ, ಇನ್ನೊಬ್ಬರ ಕಣ್ಣನ್ನ ದೂರಬೇಡಿ. ಅಷ್ಟಾದ ಮೇಲೂ ಉಳಿದದ್ದು ಹಿರಿಯರದು, ಇಟ್ಟುಕೊಳ್ಳಿ. ಈಗ ಏಳಿ, ಹೋಗಿ ಮಲಗಿ. ಏಯ್, ಕಣ್ಣುಜ್ಜಬೇಡ ಅಂದೆ.