ನಿಂಬೆವ್ವನ ಹಗ್ಗ

ಬಹಳ ಹಿಂದೆ, ಯಾವ ದೊರೆಯ ಕಾಲವೋ ನಮ್ಮಜ್ಜಿಗೂ ಗೊತ್ತಿರಲಿಲ್ಲ, ಎರೆಸೀಮೆಯಲ್ಲಿ ಒಂದೂರಿತ್ತಂತೆ. ಸುತ್ತಲೂ ಕರಿ ಎರೆಮಣ್ಣು. ಬೇಸಿಗೆಯಲ್ಲಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುವ ಮಣ್ಣು, ಮಳೆ ಬಿದ್ದರೆ ಉಬ್ಬಿ ಗೋಡೆಗಳನ್ನೇ ತಳ್ಳುವ ಮಣ್ಣು. ಅಂಥ ನೆಲದಲ್ಲಿ ಬಾವಿ ನಿಲ್ಲುವುದುಂಟೆ? ತೋಡಿದ್ದೆಲ್ಲ ಒಂದೇ ಮಳೆಗಾಲಕ್ಕೆ ಕುಸಿದು ಮುಚ್ಚಿಹೋಗುತ್ತಿತ್ತಂತೆ. ಊರವರು ಹೊಂಡದ ರಾಡಿ ನೀರು ಕುಡಿಯುತ್ತಿದ್ದರಂತೆ, ವಾಂತಿಭೇದಿಯಾಗಿ ಸಾಯುತ್ತಿದ್ದರಂತೆ.

ಆ ಊರಲ್ಲಿ ನಿಂಬೆವ್ವ ಅಂತ ಒಬ್ಬ ಕುಂಬಾರಗಿತ್ತಿ ಇದ್ದಳು. ಗಂಡ ಸಂಕಪ್ಪ ಮಣ್ಣು ಹದ ಮಾಡಿ ಗಡಿಗೆ ಮಾಡಿದರೆ, ಅವನ್ನು ಕಟ್ಟಿಗೆಯೊಡನೆ ಆವಿಗೆಯಾಗಿ, ಅಂದರೆ ಸುಡುವ ಗೂಡಾಗಿ, ಒಟ್ಟಿ ಸುಡುವುದು ಇವಳ ಪಾಲು. ಬೆಂಕಿಯ ಬಣ್ಣ ನೋಡಿಯೇ ಒಳಗಿನದು ಬೆಂದಿದೆಯೋ ಇಲ್ಲವೋ ಹೇಳುತ್ತಿದ್ದಳಂತೆ. ಬಾವಿಯಷ್ಟೇ ಅಗಲದ ಮಣ್ಣಿನ ಬಳೆಗಳನ್ನು ಸುಟ್ಟು, ಒಂದರ ಮೇಲೊಂದು ಒಳಗಿಳಿಸಿದರೆ ಗೋಡೆ ನಿಂತೀತು ಅಂತ ಗಂಡ ಹೆಂಡತಿ ಯೋಚಿಸಿದರಂತೆ. ಹಳ್ಳದ ಜೇಡಿಮಣ್ಣು ತಂದರು, ಬಳೆ ಬಡಿದರು, ಆವಿಗೆ ಒಟ್ಟಿ ಬೆಂಕಿ ಹಚ್ಚಿದರು.

ಸುಡುವುದು ಇನ್ನೂ ಮುಗಿದಿರಲಿಲ್ಲ, ಊರ ಗೌಡ ದ್ಯಾವನಗೌಡ ಬಂದು ಎದುರು ನಿಂತ. ಕೆಟ್ಟವನೇನಲ್ಲ. ಮೊಮ್ಮಗಳು ಹೊಂಡದ ನೀರು ಕುಡಿದು ಹಾಸಿಗೆ ಹಿಡಿದಿದ್ದಳು, ಮೇಲೆ ಮೋಡ ಕಟ್ಟಿತ್ತು. ಬಳೆಗಳನ್ನು ಇವತ್ತೇ ತೆಗೆಯಿರಿ ಅಂದನಂತೆ. ಸಂಕಪ್ಪ ಹೆಂಡತಿಯ ಮುಖ ನೋಡಿದ. ನಿಂಬೆವ್ವ ಬೂದಿ ಸರಿಸಿ ಒಂದು ಬಳೆಯನ್ನು ಕೋಲಿನಿಂದ ಬಡಿದಳಂತೆ. ಕಣಕಣ ಅನ್ನಲಿಲ್ಲ, ದಬದಬ ಅಂದಿತು. ಹೊರಗೆ ಕೆಂಪು, ಒಳಗೆ ಹಸಿ. ಗೊತ್ತಾಯಿತು ಅವಳಿಗೆ. ಗೊತ್ತಾದರೂ ಗೌಡನ ಎದುರು ಬೇಡ ಅನ್ನಲು ಬಾಯಿ ಬರಲಿಲ್ಲ.

ಬಾವಿ ತೋಡಿ ಬಳೆ ಇಳಿಸಿದರು. ಮಳೆ ಬಂತು. ಸಂಕಪ್ಪ ಹಗ್ಗ ಹಿಡಿದು ತಳದ ಹೂಳು ತೆಗೆಯಲು ಇಳಿದಿದ್ದಾಗ ಎರೆ ಉಬ್ಬಿ ಒತ್ತಿತು, ಅರೆಬೆಂದ ಬಳೆಗಳು ನೀರು ಕುಡಿದು ಮೆತ್ತಗಾಗಿ ಒಡೆದವು. ಮೇಲಿದ್ದವರ ಕೈಯಲ್ಲಿ ಹರಿದ ಹಗ್ಗ ಮಾತ್ರ ಉಳಿಯಿತಂತೆ. ತೋಡಿದಷ್ಟೂ ಮಣ್ಣು ಜಾರುತ್ತಿತ್ತು, ಹೆಣವೂ ಸಿಗಲಿಲ್ಲ. ಗೌಡನ ಮೊಮ್ಮಗಳೂ ಉಳಿಯಲಿಲ್ಲ.

ನಿಂಬೆವ್ವ ಒಂದು ಹನಿ ಕಣ್ಣೀರು ಹಾಕಲಿಲ್ಲ ಅನ್ನುತ್ತಾರೆ ಕೆಲವರು. ಸುಳ್ಳು. ಅಳದೆ ಇರುತ್ತಾಳೆಯೇ? ಅತ್ತು ಸಾಕಾಗಿ ಒಲೆಯ ಮುಂದೆ ಕೂತಿದ್ದಾಗ ಅವಳ ಕಣ್ಣಿಗೆ ಬಿತ್ತಂತೆ: ಸೋರಿ ಸೋರಿ ಮನೆಯ ನೆಲವೆಲ್ಲ ಕೆಸರು, ಒಲೆಯ ಅಡಿಯ ಎರೆ ಮಾತ್ರ ಕೆಂಪಗೆ, ಪುಡಿಪುಡಿ. ನೀರು ಹಾಕಿದಳು. ಉಬ್ಬಲಿಲ್ಲ, ಕೈಗೆ ಅಂಟಲಿಲ್ಲ. ಚೆನ್ನಾಗಿ ಬೆಂದ ಎರೆ ಮತ್ತೆ ಎರೆಯಾಗುವುದಿಲ್ಲ ಅಂತ ಆಗ ತಿಳಿಯಿತಂತೆ.

ಮಳೆಗಾಲ ಕಳೆದ ಮೇಲೆ, ಹೊಸ ಬಾವಿಯ ಬಳೆಗಳ ಸುತ್ತ ತುಂಬಲು, ಗಂಡನನ್ನು ನುಂಗಿದ ಮಣ್ಣನ್ನೇ ಅಗೆದು ತಂದು ಸುಟ್ಟಳಂತೆ. ಆಮೇಲೆ ಹೊಸ ಬಳೆ ಬಡಿದು ಆವಿಗೆ ಒಟ್ಟಿದಳು. ಕಟ್ಟಿಗೆ ಸಾಲದಾದಾಗ ಮನೆಯ ಬಾಗಿಲು ಕಿತ್ತು ಬೆಂಕಿಗೆ ಹಾಕಿದಳು, ತೊಲೆ ಹಾಕಿದಳು, ಕೊನೆಗೆ ಸಂಕಪ್ಪ ಗಡಿಗೆ ತಿರುಗಿಸುತ್ತಿದ್ದ ತಿಗರಿಯನ್ನೂ ಬೆಂಕಿಗೆ ಹಾಕಿದಳಂತೆ.

ಅಷ್ಟರಲ್ಲಿ ಮುಂದಿನ ಮಳೆಗಾಲ ಹತ್ತಿರವಾಗಿ ಮತ್ತೆ ಮೋಡ ಕಟ್ಟಿತು, ಮತ್ತೆ ಗೌಡ ಬಂದ. ಜನ ಸಾಯುತ್ತಿದ್ದಾರೆ, ತೆಗೆಯವ್ವ ಅಂತ ಬೇಡಿಕೊಂಡನಂತೆ. ನಿಂಬೆವ್ವ ಆ ಹರಿದ ಹಗ್ಗ ತಂದು ಅವನ ಕಾಲ ಬಳಿ ಇಟ್ಟಳು.

“ತೆಗಿತೀನ್ರಿ ಗೌಡ್ರ. ಆದ್ರ ಬಾವಿಯಾಗ ಮೊದಲ ನೀವ ಇಳೀರಿ.”

ಗೌಡ ಹಗ್ಗ ನೋಡಿದ. ಮುಟ್ಟಲಿಲ್ಲ. ಅಲ್ಲೇ ನೆಲದ ಮೇಲೆ ಕೂತ. ಆವಿಗೆ ಪೂರ್ತಿ ಸುಟ್ಟು, ತಾನಾಗಿ ಆರುವಷ್ಟರಲ್ಲಿ ಊರಲ್ಲಿ ಇನ್ನೂ ಹೆಣ ಬಿದ್ದವು. ಆ ಮನೆಗಳ ಅಳು ಕೇಳುತ್ತಲೇ ಅವಳು ಬೆಂಕಿ ಕಾಯ್ದಳಂತೆ. ಆ ಮನೆಯವರು ಸಾಯುವ ತನಕ ಅವಳ ಜೊತೆ ಮಾತಾಡಲಿಲ್ಲ.

ಈ ಸಲ ಬಳೆ ಕಣಕಣ ಅಂದವು. ಹೊಸ ಬಾವಿಗೆ ಮೊದಲು ಇಳಿದವಳು ಅವಳೇ. ಮಳೆ ಬಂತು, ಬಾವಿ ನಿಂತಿತು. ಮೊದಲ ಕೊಡದ ನೀರನ್ನು ಅವಳು ಕುಡಿಯಲಿಲ್ಲ, ಮುಚ್ಚಿಹೋದ ಬಾವಿಯ ಮಣ್ಣಿನ ಮೇಲೆ ಹೊಯ್ದಳಂತೆ.

ಇವತ್ತಿಗೂ ಆ ಕಡೆಯ ಕುಂಬಾರರು ಆವಿಗೆಗೆ ಬೆಂಕಿ ಹಚ್ಚಿದರೆ ಮುಂದೆ ಒಂದು ಹಗ್ಗ ಇಡುತ್ತಾರೆ. ಬೇಗ ತೆಗೆಯಿರಿ ಅನ್ನುವವರು ಮೊದಲು ಆ ಹಗ್ಗ ಎತ್ತಿಕೊಳ್ಳಬೇಕು. ಆವಿಗೆ ಆರಿದ ಮೇಲೆ ಮನೆಯ ಹೆಂಗಸೇ ಅದನ್ನು ಎತ್ತಿ ಒಳಗಿಡುತ್ತಾಳೆ. ಬೇರೆ ಯಾರೂ ಅದನ್ನು ಮುಟ್ಟಿದ್ದನ್ನು ಕಂಡವರಿಲ್ಲ.